ಆರಂಭಶೂರತ್ವಕ್ಕೆ ಒಂದೇ ಷರತ್ತು

(ಹೆಸರು ಬೇಡವೆಂದು ಕೋರಿದ ಓದುಗರೊಬ್ಬರ ಪತ್ರದ ಸಾರ: "ನನಗೆ 47 ವರ್ಷ. ಈಚೆಗೆ ಚೆಸ್, ಜಲವರ್ಣ, ಕೊಳಲು, ಈಜು ಒಂದಾದ ಮೇಲೊಂದು ಶುರು ಮಾಡಿದೆ. ಮೊದಲ ಕೆಲವು ವಾರ ಸರಸರನೆ ಸಾಗುತ್ತದೆ, ಆಮೇಲೆ ಗಾಡಿ ನಿಂತಲ್ಲೇ ನಿಲ್ಲುತ್ತದೆ, ಬಿಟ್ಟುಬಿಡುತ್ತೇನೆ. ಕೊಳಲನ್ನಂತೂ ಈಗ ಮೊದಲಿಗಿಂತ ಕೆಟ್ಟದಾಗಿ ನುಡಿಸುತ್ತಿದ್ದೇನೆ. ಏನೇ ಕಲಿಯಲೂ ಹತ್ತು ಸಾವಿರ ಗಂಟೆ ಬೇಕಂತೆ. ಈ ವಯಸ್ಸಿನಲ್ಲಿ ಎಲ್ಲಿಂದ ತರಲಿ? ಈಗ ಹೊಸ ಭಾಷೆಯೊಂದನ್ನು ಕಲಿಯುವ ಆಸೆ. ಮಗಳು 'ಅಮ್ಮ ಆರಂಭಶೂರೆ' ಎಂದು ನಗುತ್ತಾಳೆ. ಶುರು ಮಾಡಲೇ, ಬೇಡವೇ?")

ಮಾನ್ಯರೇ,

ಮಗಳ ಮಾತನ್ನು ಮೊದಲು ಇತ್ಯರ್ಥ ಮಾಡಿಬಿಡೋಣ. ಆರಂಭಶೂರೆ ಅನ್ನಿಸಿಕೊಳ್ಳುವುದಕ್ಕೆ ಆರಂಭವನ್ನಾದರೂ ಮಾಡಿರಬೇಕಲ್ಲ? ಐವತ್ತರ ಹತ್ತಿರ ಬಂದವರಲ್ಲಿ ಹೆಚ್ಚಿನವರು ತಮಗೆ ಬರುವುದನ್ನಷ್ಟೇ ಮಾಡಿಕೊಂಡು, ಬಾರದಿದ್ದುದರ ಹತ್ತಿರ ಸುಳಿಯದೆ ಇರುತ್ತಾರೆ. ನೀವು ಈಜುಕೊಳದಲ್ಲಿ ಪುಟ್ಟ ಮಕ್ಕಳ ಸಾಲಿನಲ್ಲಿ ನಿಂತು ನೀರು ಕುಡಿದು ಬಂದವರು. ಅದಕ್ಕೆ ಬೇಕಾದ ಗುಂಡಿಗೆ ಸಣ್ಣದಲ್ಲ.

ಹತ್ತು ಸಾವಿರ ಗಂಟೆಯ ಲೆಕ್ಕವನ್ನು ದಯವಿಟ್ಟು ಮರೆತುಬಿಡಿ. ಮನೋವಿಜ್ಞಾನಿ ಆ್ಯಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಹೊರಟು ಬಾಯಿಂದ ಬಾಯಿಗೆ ದಪ್ಪವಾದ ಸಂಖ್ಯೆ ಅದು. ಬರ್ಲಿನ್‌ನ ಸಂಗೀತ ವಿದ್ಯಾರ್ಥಿಗಳಲ್ಲಿ ಅತ್ಯುತ್ತಮರೆನಿಸಿದ ಪಿಟೀಲು ವಾದಕರು 20 ವರ್ಷ ತುಂಬುವಷ್ಟರಲ್ಲಿ ಮಾಡಿದ್ದ ಅಭ್ಯಾಸದ ಸರಾಸರಿ ಸುಮಾರು ಅಷ್ಟಿತ್ತು. ಸರಾಸರಿ ಎಂದ ಮೇಲೆ ಅದಕ್ಕಿಂತ ಕಡಿಮೆ ಮಾಡಿದವರೂ ಅದೇ ಗುಂಪಿನಲ್ಲಿದ್ದರು. ಇದನ್ನು ನಿಯಮವೆಂಬಂತೆ ಹೇಳುವುದಕ್ಕೆ ಸ್ವತಃ ಎರಿಕ್ಸನ್ ಅವರೇ ಆಕ್ಷೇಪ ಎತ್ತಿದ್ದರು. ಸಂಜೆ ಹೊತ್ತು ಒಂದು ರಾಗ ನುಡಿಸಿ ಖುಷಿಪಡಬೇಕೆನ್ನುವವರಿಗೂ ಈ ಲೆಕ್ಕಕ್ಕೂ ಸಂಬಂಧವಿಲ್ಲ.

ಇನ್ನು ನಿಜವಾದ ಪ್ರಶ್ನೆಗೆ ಬರುತ್ತೇನೆ. ಕಲಿಕೆ ನಿಂತುಹೋಗಿದೆ ಎಂದು ನಿಮಗೆ ಅನ್ನಿಸಿದ್ದು ನಿಜ. ನಿಂತೇ ಹೋಗಿತ್ತೇ ಎಂಬುದು ಬೇರೆ ಮಾತು.

1897ರಲ್ಲಿ ಅಮೆರಿಕದ ಬ್ರಯನ್ ಮತ್ತು ಹಾರ್ಟರ್ ಎಂಬಿಬ್ಬರು ತಂತಿ ಸಂದೇಶದ (ಟೆಲಿಗ್ರಾಫ್) ಕೆಲಸ ಕಲಿಯುತ್ತಿದ್ದವರ ವೇಗವನ್ನು ವಾರವಾರ ಅಳೆದು ಗೆರೆ ಎಳೆದರು. ಸಂದೇಶ ಕಳಿಸುವ ವೇಗ ಏರುತ್ತಲೇ ಹೋಯಿತು. ಆದರೆ ಟಕಟಕ ಸದ್ದಿನ ಸಂಕೇತಗಳಾಗಿ ಬಂದ ಸಂದೇಶವನ್ನು ಕಿವಿಯಲ್ಲಿ ಹಿಡಿಯುವ ವೇಗ ಒಂದು ಮಟ್ಟಕ್ಕೆ ಬಂದು ವಾರಗಟ್ಟಲೆ ಅಲ್ಲಾಡದೆ ಕೂತಿತು, ಆಮೇಲೆ ಮತ್ತೆ ಏರಿತು. ಅವರು ಕೊಟ್ಟ ವಿವರಣೆ ಹೀಗಿದೆ: ಮೊದಲು ಕಿವಿ ಒಂದೊಂದೇ ಅಕ್ಷರ ಹಿಡಿಯುತ್ತಿರುತ್ತದೆ, ಆ ಚಪ್ಪಟೆ ಕಾಲದಲ್ಲಿ ಒಳಗೊಳಗೇ ಅಕ್ಷರಗಳು ಸೇರಿ ಪದಗಳಾಗುತ್ತವೆ, ಪದಗಳು ಸೇರಿ ಸಾಲುಗಳಾಗುತ್ತವೆ, ಆ ಕೂಡಿಕೆ ಮುಗಿದ ಮೇಲೆ ವೇಗ ಹೊರಗೆ ಕಾಣಿಸುತ್ತದೆ. ಎಲ್ಲ ಕಲಿಕೆಯಲ್ಲೂ ಇಂಥ ಚಪ್ಪಟೆ ಕಾಲ ಬಂದೇ ಬರುತ್ತದೆಂದು ನಂತರದ ಸಂಶೋಧಕರು ಒಪ್ಪಿಲ್ಲ, ಅದನ್ನೂ ಹೇಳಬೇಕು. ಆದರೂ ಗೆರೆ ಏರದ ದಿನಗಳೆಲ್ಲ ದಂಡವಾದ ದಿನಗಳಲ್ಲ ಎಂಬಷ್ಟನ್ನು ಅಲ್ಲಿಂದ ತೆಗೆದುಕೊಳ್ಳಬಹುದು.

ನಿಮ್ಮ ಕೊಳಲಿನ ವಿಷಯದಲ್ಲಿ ನನಗೆ ಕಾಣುವುದೂ ಇದೇ. ಕೊಳಲು ಹಿಡಿದ ಹೊಸತರಲ್ಲಿ ಎಲ್ಲರೂ ಉಸಿರನ್ನೆಲ್ಲ ಒಮ್ಮೆಗೇ ಸುರಿಯುತ್ತಾರೆ. ಬರೀ ಗಾಳಿಯ ಸದ್ದು, ನಾಲ್ಕು ನಿಮಿಷಕ್ಕೆ ತಲೆಸುತ್ತು. ತುಟಿಯ ಸಂದನ್ನು ಕಿರಿದು ಮಾಡಿ, ಗಾಳಿಯ ಎಳೆ ಊದುವ ರಂಧ್ರದ ಆಚೆ ಅಂಚಿಗೆ ತಾಗುವಂತೆ ಕೊಳಲನ್ನು ಕೂದಲೆಳೆಯಷ್ಟು ಹೊರಳಿಸಿದಾಗ ಒಂದು ದಿನ ತಟ್ಟನೆ ನಾದ ಹುಟ್ಟುತ್ತದೆ. ಆ ದಿನ ನಾದ ಹುಟ್ಟಿದ್ದೇ ಹಬ್ಬ. ಅದು ಶ್ರುತಿಗೆ ಕೂಡಿದೆಯೇ ಎಂದು ಕೇಳುವ ಕಿವಿ ಇನ್ನೂ ತೆರೆದಿರುವುದಿಲ್ಲ. ಅಭ್ಯಾಸ ಮಾಡುತ್ತ ಹೋದ ಹಾಗೆ ಬೆರಳಿಗಿಂತ ಮೊದಲು ಕಿವಿ ಪಳಗುತ್ತದೆ. ನಿನ್ನೆಯವರೆಗೆ ಇಂಪಾಗಿದ್ದ ಸ್ವರ ಇವತ್ತು ಕೊಂಚ ಇಳಿದಂತೆ ಕೇಳಿಸಿ ಮೈ ಪರಚಿಕೊಳ್ಳುವಂತಾಗುತ್ತದೆ. ನೀವು ಕೆಟ್ಟದಾಗಿ ನುಡಿಸತೊಡಗಿದ್ದಲ್ಲ, ಮೊದಲಿನಿಂದಲೂ ಇದ್ದ ಅಪಸ್ವರ ಈಗ ನಿಮಗೆ ಕೇಳಿಸತೊಡಗಿದೆ. ಅನುಮಾನವಿದ್ದರೆ ಮೊಬೈಲಿನಲ್ಲಿ ಶುರುವಿನ ದಿನಗಳ ಧ್ವನಿಮುದ್ರಣ ಇದೆಯೇ ಹುಡುಕಿ, ಇವತ್ತಿನದರ ಪಕ್ಕ ಇಟ್ಟು ಕೇಳಿ. ಅದು ಇಲ್ಲವಾದರೆ ಇವತ್ತೇ ಒಂದನ್ನು ಮಾಡಿಟ್ಟುಕೊಂಡು ಆರು ತಿಂಗಳು ಮುಟ್ಟಬೇಡಿ.

ಕಲಿಯುವವರ ಅನಿಸಿಕೆ ಎಷ್ಟು ನಂಬಲಾರದ್ದು ಎಂಬುದಕ್ಕೆ ನನಗೆ ಬಹಳ ಇಷ್ಟವಾದ ಪ್ರಯೋಗವೊಂದಿದೆ. 1978ರಲ್ಲಿ ಬ್ಯಾಡ್ಲಿ ಮತ್ತು ಲಾಂಗ್‌ಮನ್ ಎಂಬ ಮನೋವಿಜ್ಞಾನಿಗಳು ಬ್ರಿಟನ್ನಿನ ಅಂಚೆ ನೌಕರರು ಕೀಲಿಮಣೆ ಕಲಿತ ಬಗೆಯನ್ನು ಪ್ರಕಟಿಸಿದರು. ಒಂದು ಗುಂಪಿಗೆ ದಿನಕ್ಕೆ ಒಂದೇ ಗಂಟೆ ಅಭ್ಯಾಸ, ಇನ್ನೊಂದಕ್ಕೆ ಎರಡೆರಡು ಗಂಟೆಯಂತೆ ದಿನಕ್ಕೆ ಎರಡು ಸಲ, ಉಳಿದ ಎರಡು ಗುಂಪು ನಡುವೆ. ಗಂಟೆಗಳ ಲೆಕ್ಕದಲ್ಲಿ ನೋಡಿದರೆ ಎಲ್ಲರಿಗಿಂತ ಬೇಗ ಕಲಿತವರು ದಿನಕ್ಕೆ ಒಂದು ಗಂಟೆಯವರು. ತಮ್ಮ ತರಬೇತಿಯ ಬಗ್ಗೆ ಎಲ್ಲರಿಗಿಂತ ಹೆಚ್ಚು ಗೊಣಗಿದವರೂ ಅವರೇ! ಜೊತೆಯವರು ದಿನಗಳ ಲೆಕ್ಕದಲ್ಲಿ ಮುಂದೆ ಹೋಗುತ್ತಿದ್ದರೆ ಇವರಿಗೆ ತಾವು ಹಿಂದುಳಿದೆವು ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ರಜೆ ಸಿಕ್ಕಾಗ ಇಡೀ ದಿನ ಕೂತು ಅಭ್ಯಾಸ ಮಾಡಿ, ಆಮೇಲೆ ಹದಿನೈದು ದಿನ ಆ ಕಡೆ ತಿರುಗಿಯೂ ನೋಡದ ಪದ್ಧತಿ ನಿಮ್ಮದೆಂದು ಪತ್ರದಿಂದ ತಿಳಿಯುತ್ತದೆ. ಅದನ್ನು ಮಾತ್ರ ಬದಲಾಯಿಸಿ.

ಈಜಿನ ಬಗ್ಗೆ ನೀವು ಬರೆದ ಸಾಲು ಇದು: "ಅರ್ಧ ಕೊಳ ದಾಟುವಷ್ಟರಲ್ಲಿ ಏದುಸಿರು. ದಮ್ಮು ಸಾಲದು, ವಯಸ್ಸಾಯಿತು." ಈ ತೀರ್ಪು ಕೊಟ್ಟವರು ಯಾರು? ನೀವೇ. ಹೊಸಬರಿಗೆ ಇರುವ ದೊಡ್ಡ ತೊಡಕೆಂದರೆ ತಾವು ಎಲ್ಲಿ ತಪ್ಪುತ್ತಿದ್ದೇವೆ ಎಂಬುದು ತಿಳಿಯದೆ ಇರುವುದು. ತಿಳಿಯದಾಗ ಕೈಗೆ ಸಿಗುವ ಕಾರಣ ವಯಸ್ಸು. ಹೊಸದಾಗಿ ಈಜುವವರು ಉಸಿರಿಗಾಗಿ ಮುಖವನ್ನು ಮುಂದಕ್ಕೆ ಎತ್ತುತ್ತಾರೆ. ತಲೆ ಎದ್ದರೆ ಸೊಂಟ ಮತ್ತು ಕಾಲು ಮುಳುಗುತ್ತವೆ, ನೀರಿನ ತಡೆ ಹೆಚ್ಚುತ್ತದೆ. ಅದನ್ನು ಮೀರಲು ಕಾಲನ್ನು ಪಟಪಟ ಬಡಿಯುತ್ತಾರೆ. ತೊಡೆಯ ದೊಡ್ಡ ಸ್ನಾಯುಗಳು ಇದ್ದಬದ್ದ ಆಮ್ಲಜನಕವನ್ನೆಲ್ಲ ಎಳೆದುಕೊಳ್ಳುತ್ತವೆ. ಸಾಲದ್ದಕ್ಕೆ ಮುಖ ನೀರಿನಲ್ಲಿರುವಾಗ ಉಸಿರು ಕಟ್ಟಿ ಹಿಡಿದಿರುತ್ತಾರೆ. ಬಾಯಿ ಮೇಲೆ ಬಂದ ಆ ಒಂದು ಕ್ಷಣದಲ್ಲಿ ಬಿಡುವುದೂ ಆಗಬೇಕು, ಎಳೆಯುವುದೂ ಆಗಬೇಕು, ಎರಡೂ ಅರ್ಧರ್ಧ. ಇದರಲ್ಲಿ ದಮ್ಮಿನ ಪಾತ್ರ ಕಡಿಮೆ. ಮುಖ ನೀರೊಳಗಿದ್ದಾಗಲೇ ಗುಳ್ಳೆ ಬಿಡುತ್ತ ಉಸಿರು ಖಾಲಿ ಮಾಡಿ, ಒಂದು ಕಿವಿ ನೀರಿನಲ್ಲೇ ಇರುವಂತೆ ಪಕ್ಕಕ್ಕೆ ಹೊರಳಿ ಎಳೆದುಕೊಳ್ಳಿ. ಕಲಿಸುವವರು ದಂಡೆಯ ಮೇಲೆ ನಿಂತು ಹತ್ತು ನಿಮಿಷ ನೋಡಿದರೆ ಹೇಳಬಲ್ಲ ವಿಷಯ ಇದು. ಹೊಸಬರು ಸಲಕರಣೆಗೆ ಸುರಿಯುವ ಉತ್ಸಾಹದಲ್ಲಿ ಒಂದು ಪಾಲನ್ನು ಗೊತ್ತಿದ್ದವರ ಕಣ್ಣಿಗೆ ಬೀಳುವುದಕ್ಕೆ ತೆಗೆದಿಟ್ಟರೆ ಎಷ್ಟೋ ಹವ್ಯಾಸಗಳು ಬದುಕಿಕೊಳ್ಳುತ್ತವೆ.

ವಯಸ್ಸಿನ ಮಾತು ಬಂದದ್ದರಿಂದ ಇದನ್ನೂ ಹೇಳುತ್ತೇನೆ. ಮೂರು ಚೆಂಡುಗಳನ್ನು ಗಾಳಿಯಲ್ಲಿ ಆಡಿಸಲು ಮೂರು ತಿಂಗಳು ಕಲಿತ ಯುವಕರ ಮಿದುಳಿನಲ್ಲಿ, ಚಲನೆಯನ್ನು ಗುರುತಿಸುವ ಭಾಗದ ಬೂದು ದ್ರವ್ಯ ಹೆಚ್ಚಾದದ್ದನ್ನು ಜರ್ಮನಿಯ ವಿಜ್ಞಾನಿಗಳು 2004ರಲ್ಲಿ ತೋರಿಸಿದರು. ಆ ತಂಡದ ಕೆಲವರು ಇತರರೊಂದಿಗೆ ಸೇರಿ 2008ರಲ್ಲಿ 60ರ ಆಸುಪಾಸಿನವರಲ್ಲಿ ಪರೀಕ್ಷಿಸಿದಾಗ ಅವರಲ್ಲೂ ಅಂಥ ಬದಲಾವಣೆ ಕಂಡಿತು. ಸಿಹಿ ಮಾತನ್ನಷ್ಟೇ ಹೇಳಿ ನಿಲ್ಲಿಸುವುದು ಸರಿಯಲ್ಲ: ಹಿರಿಯರಲ್ಲಿ ಆಟವನ್ನು ಚೆನ್ನಾಗಿ ಕಲಿತವರ ಪ್ರಮಾಣ ಯುವಕರಿಗಿಂತ ಕಡಿಮೆ ಇತ್ತು, ಅಭ್ಯಾಸ ಬಿಟ್ಟ ಮೇಲೆ ಹೆಚ್ಚಿದ್ದದ್ದು ಎರಡೂ ಗುಂಪಿನಲ್ಲಿ ಇಳಿಯಿತು. ನಿಧಾನ ಆಗುತ್ತದೆ, ಬಾಗಿಲೇನೂ ಮುಚ್ಚಿರುವುದಿಲ್ಲ. ರವೀಂದ್ರನಾಥ ಠಾಕೂರರು ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನೇ ಆಕಾರಗಳಾಗಿ ತಿದ್ದುತ್ತ ಅರವತ್ತು ದಾಟಿದ ಮೇಲೆ ಚಿತ್ರಕಲೆಗೆ ಇಳಿದವರು. 1930ರಲ್ಲಿ ಪ್ಯಾರಿಸಿನಲ್ಲಿ ಅವರ ಚಿತ್ರಗಳ ಪ್ರದರ್ಶನ ನಡೆಯಿತು. ಠಾಕೂರರ ಹೆಸರು ಹೇಳಿ ಯಾರನ್ನೂ ಹುರಿದುಂಬಿಸಬಾರದು, ಬಿಡಿ. ಆದರೆ ನಿಮ್ಮ ಬಣ್ಣದ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕುವ ಮೊದಲು ಒಮ್ಮೆ ಜ್ಞಾಪಿಸಿಕೊಳ್ಳಿ.

ಹಾಗಾದರೆ ಯಾವುದನ್ನೂ ಬಿಡಲೇಬಾರದೇ? ಧಾರಾಳವಾಗಿ ಬಿಡಿ. ಹಿಡಿದದ್ದನ್ನೆಲ್ಲ ಸಾಯುವ ತನಕ ಹೊರಬೇಕು ಎನ್ನುವವರ ಪೈಕಿ ನಾನಲ್ಲ. ನನ್ನದು ಒಂದೇ ಷರತ್ತು: ನಿಮ್ಮ ತಪ್ಪು ನಿಮಗೇ ಕಾಣಿಸತೊಡಗಿದ ಮೇಲೆ ಬಿಡಿ. ಅಲ್ಲಿಯವರೆಗೆ ನೀವು ಆ ವಿದ್ಯೆಯನ್ನು ಭೇಟಿಯೇ ಮಾಡಿರುವುದಿಲ್ಲ, ಬೇಡ ಎನ್ನುವುದು ಯಾವುದನ್ನು?

ಈ ಲೆಕ್ಕದಲ್ಲಿ ಚೆಸ್‌ಗೆ ನೀವು ನೆಮ್ಮದಿಯಾಗಿ ಕೈಮುಗಿಯಬಹುದು. ಸೋತ ಆಟವನ್ನು ಮನೆಗೆ ಬಂದು ಮತ್ತೆ ಜೋಡಿಸಿ, ನಿಮ್ಮ ದಾಳಿಯ ಗುಂಗಿನಲ್ಲಿ ಎದುರಾಳಿಯ ಆನೆ ನೋಡುತ್ತಿದ್ದ ಸಾಲನ್ನು ಎಲ್ಲಿ ಮರೆತಿರೆಂದು ಕಂಡುಕೊಂಡಿದ್ದೀರಿ. ಕಂಡುಕೊಂಡ ಮೇಲೂ ಖುಷಿಯಾಗಲಿಲ್ಲವೆಂದು ಬರೆದಿದ್ದೀರಿ. ಅದು ತಿಳಿದು ಬಿಟ್ಟಂತೆ. ಈಜನ್ನು ಈಗ ಬಿಟ್ಟರೆ ತಿಳಿಯದೆ ಬಿಟ್ಟಂತೆ. ಜಲವರ್ಣದಲ್ಲಿ ಅರೆ ಒಣಗಿದ ಬಣ್ಣದ ಮೇಲೆ ಮತ್ತೆ ಕುಂಚ ಆಡಿಸಿ ಕಲೆ ಎಬ್ಬಿಸುವ ಚಪಲವೊಂದನ್ನು ತಡೆದುಕೊಂಡು ಕೆಲವು ಹಾಳೆ ಮಾಡಿ, ಆಮೇಲೆ ಯೋಚಿಸೋಣ. ಕೊಳಲನ್ನು ಮಾತ್ರ ಬಿಡಬೇಡಿ. ಕಿವಿ ತೆರೆದ ಹೊತ್ತಿನಲ್ಲಿ ಬಿಡುವುದು ಶುದ್ಧ ನಷ್ಟ.

ಹೊಸ ಭಾಷೆಯನ್ನು ಶುರು ಮಾಡಿ. ಆದರೆ ತಂತಿ ಕಚೇರಿಯವರ ಗೆರೆ ನೆನಪಿರಲಿ: ಕಳಿಸುವುದು ಬೇಗ ಬರುತ್ತದೆ, ಹಿಡಿಯುವುದು ತಡ. ನಾಲ್ಕು ವಾಕ್ಯ ಬಾಯಿಪಾಠ ಮಾಡಿ ಪ್ರಶ್ನೆ ಕೇಳಿಬಿಡುತ್ತೀರಿ, ಎದುರಿನವರು ಕೊಟ್ಟ ಉತ್ತರ ಒಂದೇ ಉಸಿರಿನ ಗದ್ದಲವಾಗಿ ಕೇಳಿಸುತ್ತದೆ. ಹಾಗಾಗಿ ಮಾತಾಡುವ ಪಾಠದ ಜೊತೆಗೇ, ಮೊದಲ ದಿನದಿಂದಲೇ, ಆ ಭಾಷೆಯ ಸುದ್ದಿಯನ್ನೋ ಮಕ್ಕಳ ಕಥೆಯನ್ನೋ ದಿನಾ ಕಾಲು ಗಂಟೆ ಕೇಳಿ. ಒಂದು ಪದ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎಂಬುದೂ ಮೊದಮೊದಲು ಗೊತ್ತಾಗುವುದಿಲ್ಲ. ಅದು ಗೊತ್ತಾಗತೊಡಗಿದಾಗ ಇನ್ನೊಂದು ಪತ್ರ ಬರೆಯಿರಿ.

— ಸಂಪಾದಕ