ಹೆಂಡತಿಗೆ ಅಲರ್ಜಿ, ಮಗನಿಗೆ ಡೂಡಲ್ ನಾಯಿಯೇ ಬೇಕು: ಏನು ಮಾಡಲಿ?

ಪ್ರಶ್ನೆ: ನಾವು ಸಿಂಧನೂರಿನವರು. ಒಂಬತ್ತನೇ ತರಗತಿಯ ಮಗ ನಾಯಿ ಬೇಕೆಂದು ಹಟ ಹಿಡಿದಿದ್ದಾನೆ. ನನ್ನ ಹೆಂಡತಿಗೆ ಅಲರ್ಜಿ. ಗಂಗಾವತಿಯಲ್ಲಿ ನಮ್ಮ ಅಕ್ಕನ ಮನೆಗೆ ಹೋದರೆ ಸಾಕು, ಸೀನು, ಕಣ್ಣುರಿ ಶುರುವಾಗುತ್ತದೆ. ಅವರ ಮನೆಯಲ್ಲಿ ನಾಯಿ ಇದೆ, ಪಕ್ಕದಲ್ಲೇ ರೈಸ್ ಮಿಲ್ಲೂ ಇದೆ. ಬೆಂಗಳೂರಿನ ಬ್ರೀಡರ್ ಒಬ್ಬರು ‘ಲ್ಯಾಬ್ರಡೂಡಲ್ (ಲ್ಯಾಬ್ರಡಾರ್, ಪೂಡಲ್ ಬೆರಕೆಯ ನಾಯಿ) ತಗೊಳ್ಳಿ, ಕೂದಲು ಉದುರಲ್ಲ, ಅಲರ್ಜಿ ಬರಲ್ಲ, ಗ್ಯಾರಂಟಿ’ ಎನ್ನುತ್ತಾರೆ. ನಂಬಬಹುದಾ? ಬೇಸಿಗೆಯಲ್ಲಿ ಕೂದಲು ಪೂರ್ತಿ ಬೋಳಿಸಿದರೆ ಇನ್ನೂ ಒಳ್ಳೆಯದಾ?

ಪಶುವೈದ್ಯರ ಉತ್ತರ: ಕೂದಲು ಕಡಿಮೆ ಉದುರುತ್ತದೆ ಎನ್ನುವುದನ್ನು ಅರ್ಧ ನಂಬಿ. ಗ್ಯಾರಂಟಿಯನ್ನು ಮಾತ್ರ ನಂಬಬೇಡಿ.

ಅಲರ್ಜಿ ತರುವುದು ಕೂದಲಲ್ಲ. ನಾಯಿಯ ಜೊಲ್ಲು, ಚರ್ಮದ ಹೊಟ್ಟು, ಮೂತ್ರದಲ್ಲಿರುವ ಪ್ರೋಟೀನುಗಳು. ಇವು ಇಲ್ಲದ ನಾಯಿ ಯಾವ ತಳಿಯಲ್ಲೂ ಇಲ್ಲ. 2012ರಲ್ಲಿ ನೆದರ್ಲೆಂಡ್ಸಿನ ಸಂಶೋಧಕರು ‘ಅಲರ್ಜಿ ತರದ’ ತಳಿಗಳೆಂದು ಹೆಸರಾದ ನಾಯಿಗಳ ಕೂದಲು ಪರೀಕ್ಷಿಸಿದರು. ಮುಖ್ಯ ಅಲರ್ಜಿಕಾರಕ ಪ್ರೋಟೀನು ಬೇರೆ ನಾಯಿಗಳಿಗಿಂತ ಇವುಗಳಲ್ಲೇ ಜಾಸ್ತಿ ಸಿಕ್ಕಿತು! ಅವುಗಳಲ್ಲಿ ಲ್ಯಾಬ್ರಡೂಡಲ್ ಕೂಡ ಇತ್ತು.

ಡೂಡಲ್ ಹೆಸರು ಪ್ರಸಿದ್ಧವಾಗಿದ್ದೇ ನಿಮ್ಮಂಥ ಒಂದು ಮನೆಯಿಂದ. ಹವಾಯಿಯ ಅಂಧ ಮಹಿಳೆಯೊಬ್ಬರಿಗೆ ದಾರಿ ತೋರಿಸುವ ನಾಯಿ ಬೇಕಿತ್ತು, ಗಂಡನಿಗೆ ನಾಯಿ ಅಲರ್ಜಿ. ಆಸ್ಟ್ರೇಲಿಯಾದಲ್ಲಿ ಅಂಧರಿಗೆ ನಾಯಿ ಒದಗಿಸುವ ಸಂಸ್ಥೆಯ ವಾಲಿ ಕಾನ್ರನ್ 1989ರಲ್ಲಿ ಲ್ಯಾಬ್ರಡಾರ್, ಪೂಡಲ್ ಕೂಡಿಸಿ ಮೂರು ಮರಿ ಪಡೆದರು. ಅವುಗಳ ಕೂದಲು, ಜೊಲ್ಲನ್ನು ಹವಾಯಿಗೆ ಕಳಿಸಿ ನೋಡಿದರೆ, ಆ ಗಂಡನಿಗೆ ಒಗ್ಗಿದ್ದು ಒಂದೇ ಮರಿ. ಒಂದೇ ತಾಯಿ, ಒಂದೇ ಸೂಲು, ಆದರೂ ಹಾಗೆ. ಆದ್ದರಿಂದ ತಳಿ ನೋಡಬೇಡಿ, ಆ ಒಂದು ನಾಯಿಯನ್ನು ನೋಡಿ. ದುಡ್ಡು ಕೊಡುವ ಮೊದಲು ನಿಮ್ಮ ಹೆಂಡತಿಯನ್ನು ಕರೆದುಕೊಂಡು ಹೋಗಿ ಅದರ ಜೊತೆ ಒಂದೆರಡು ತಾಸು ಕೂರಿಸಿ. ಮರುದಿನ ಮತ್ತೆ ಹೋಗಿ. ಅವರಿಗೆ ಉಬ್ಬಸ ಇದ್ದರೆ ಈ ಪ್ರಯೋಗವೇ ಬೇಡ, ಮೊದಲು ಅವರ ವೈದ್ಯರನ್ನು ಕೇಳಿ.

ಅಸಲಿಗೆ ಅವರಿಗೆ ಆಗದಿರುವುದು ನಾಯಿಯೇನಾ? ಮಿಲ್ಲಿನ ಭತ್ತದ ದೂಳೂ ಇರಬಹುದು, ಕಾಂಗ್ರೆಸ್ ಗಿಡವೂ ಇರಬಹುದು. ನಮ್ಮ ಕಡೆ ಸೀನಿಗೆ ಕಾರಣಗಳಿಗೇನು ಬರ, ಅಲ್ವಾ? ಅಲರ್ಜಿ ವೈದ್ಯರ ಹತ್ತಿರ ಚರ್ಮದ ಪರೀಕ್ಷೆ ಮಾಡಿಸಿ. ಸೀನಿನ ಮಾತ್ರೆ ನುಂಗುತ್ತಿದ್ದರೆ ಅದಕ್ಕೆ ಕೆಲವು ದಿನ ಮೊದಲೇ ನಿಲ್ಲಿಸಬೇಕು, ಎಷ್ಟು ದಿನ ಎಂದು ಅವರೇ ಹೇಳುತ್ತಾರೆ. ಕೆಲವರಿಗೆ ಗಂಡು ನಾಯಿಯ ಪ್ರಾಸ್ಟೇಟ್ ಗ್ರಂಥಿಯಲ್ಲಿ ತಯಾರಾಗುವ ಒಂದು ಪ್ರೋಟೀನು ಮಾತ್ರ ಆಗುವುದಿಲ್ಲ. ಅಂಥವರಿಗೆ ಹೆಣ್ಣು ನಾಯಿ ಒಗ್ಗಬಹುದು. ರಕ್ತ ಪರೀಕ್ಷೆಯಲ್ಲಿ ಇದನ್ನೂ ತಿಳಿಯಬಹುದು.

ಇಷ್ಟೆಲ್ಲ ಆಗಿ ಡೂಡಲ್ಲೇ ತಂದಿರಿ ಎನ್ನಿ. ಆ ಗುಂಗುರು ಕೂದಲು ಉದುರುವುದು ಕಡಿಮೆ, ಬೆಳೆಯುತ್ತಲೇ ಹೋಗುತ್ತದೆ. ನಾಲ್ಕು ದಿನ ಬಾಚದಿದ್ದರೆ ಕಿವಿ ಹಿಂದೆ, ಕಂಕುಳಲ್ಲಿ ಜಡೆಗಟ್ಟುತ್ತದೆ. ಮೇಲಿನಿಂದ ಮೆತ್ತಗೆ ಚೆನ್ನಾಗಿಯೇ ಕಾಣುತ್ತದೆ. ಬೆರಳು ಹಾಕಿ ಬಿಡಿಸಿದರೆ ಒಳಗೆ ಕೆಂಪಾದ ಚರ್ಮ, ಅದಕ್ಕೆ ಕಚ್ಚಿಕೊಂಡ ಉಣ್ಣಿ. ಆರೆಂಟು ವಾರಕ್ಕೊಮ್ಮೆ ಕತ್ತರಿಸಬೇಕು. ಆ ಕೆಲಸ ಬಲ್ಲವರು ಹತ್ತಿರದಲ್ಲಿ ಸಿಗುತ್ತಾರಾ ಎಂದು ಮೊದಲೇ ವಿಚಾರಿಸಿ. ನಲವತ್ತು ಡಿಗ್ರಿ ದಾಟುವ ನಮ್ಮ ರಾಯಚೂರು ಬಿಸಿಲಿಗೆ ಮುಧೋಳ ನಾಯಿಯೇ ವಾಸಿ ಎಂಬುದು ನನ್ನ ಅಭಿಪ್ರಾಯ. ಗಿಡ್ಡ ಕೂದಲು, ಬಾಚುವ ಗೋಳಿಲ್ಲ. ಆದರೆ ಓಡಲು ಜಾಗ ಬೇಕು. ಅಲರ್ಜಿ ವಿಷಯದಲ್ಲಿ ಅದಕ್ಕೂ ವಿನಾಯಿತಿ ಇಲ್ಲ.

ಬೋಳಿಸುವುದು ಬೇಡ. ಹೊಟ್ಟು ಬರುವುದು ಚರ್ಮದಿಂದ, ಬೋಳಿಸಿದರೆ ಅದು ನಿಲ್ಲುವುದಿಲ್ಲ. ಮೇಲಾಗಿ ಬಿಸಿಲಿಗೆ ಚರ್ಮ ಸುಡುತ್ತದೆ. ಒಂದು ಇಂಚು ಬಿಟ್ಟು ಕತ್ತರಿಸಿ. ವಾರಕ್ಕೆರಡು ಸ್ನಾನ ಮಾಡಿಸಿದರೆ ಅಲರ್ಜಿಯ ಅಂಶ ಸ್ವಲ್ಪ ತಗ್ಗುತ್ತದೆ, ಆದರೆ ಮೂರ್ನಾಲ್ಕು ದಿನಕ್ಕೆ ಮತ್ತೆ ಮೊದಲಿನಂತೆಯೇ. ಮಲಗುವ ಕೋಣೆಗೆ ನಾಯಿಯನ್ನು ಬಿಡಲೇಬೇಡಿ. ಸ್ನಾನ, ಬಾಚುವುದು ಎರಡೂ ಮನೆ ಹೊರಗೇ ಆಗಲಿ, ಅದನ್ನು ಮಗನೇ ಮಾಡಲಿ. ಈ ಷರತ್ತಿಗೆ ಅವನು ಒಪ್ಪುತ್ತಾನಾ ಎಂದು ಇವತ್ತೇ ಕೇಳಿ ನೋಡಿ.