ಬೀರುವಿನ ಮೇಲಿನ ಚೀಲ

ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ನಲವತ್ತು ದಾಟಿದ ಮಹಿಳೆ. ಗಂಡ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ನಿದ್ದೆ ಬರುತ್ತಿಲ್ಲ ಅಂತ ನನ್ನ ಹತ್ತಿರ ಆಪ್ತ ಸಲಹೆಗೆ ಬಂದಿದ್ದರು.

ಎರಡು ಭೇಟಿ ನಾನು ನಿದ್ದೆ, ಅಳು, ನೆನಪು ಇವುಗಳ ಸುತ್ತಲೇ ಮಾತಾಡಿಸಿದೆ. ತಪ್ಪು ನನ್ನದೇ. ಮೂರನೇ ಸಲ ಹೊರಡುವಾಗ ಬಾಗಿಲ ಹತ್ತಿರ ನಿಂತು ಹೇಳಿದರು: "ಬೀರು ಮೇಲೆ ಒಂದು ಚೀಲ ಇದೆ ಮೇಡಂ. ಅದನ್ನ ನೋಡಿದರೆ ಎದೆ ಹೊಡ್ಕೊಳ್ಳುತ್ತೆ."

ಮುಂದಿನ ಸಲ ಚೀಲ ತರಿಸಿ ಮೇಜಿನ ಮೇಲೆ ಸುರಿದೆವು. ಪಾಸ್‌ಬುಕ್ಕು, ಸಾಲದ ಕಾಗದ, ಒಡೆಯದ ಲಕೋಟೆಗಳು, ಅರ್ಧ ತುಂಬಿದ ವಿಮೆ ಅರ್ಜಿ. ಹೆಸರು, ವಿಳಾಸ, ಹುಟ್ಟಿದ ದಿನ ಎಲ್ಲಾ ನೀಟಾಗಿ ಬರೆದಿದ್ದರು. 'ವಿವಾಹಿತೆ', 'ವಿಧವೆ' ಅನ್ನುವ ಎರಡು ಚೌಕಗಳ ನಡುವೆ ಒಂದು ಶಾಯಿ ಚುಕ್ಕೆ. ಪೆನ್ನು ಊರಿ ಎತ್ತಿದ ಗುರುತು. ಕೆಳಗೆಲ್ಲ ಖಾಲಿ.

"ಈ ದುಡ್ಡು ತಗೊಂಡರೆ ಇವರನ್ನ ಮಾರ್ಕೊಂಡ ಹಾಗಾಗಲ್ವಾ?"

ಕಂತು ಕಟ್ಟುತ್ತಿದ್ದದ್ದು ಯಾರು ಅಂತ ಕೇಳಿದೆ. "ಇವರೇ. ಪ್ರತಿ ಸಲ ಗೊಣಗಿಕೊಂಡೇ ಕಟ್ಟೋರು" ಅಂದರು. ಹೇಳುತ್ತಾ ನಕ್ಕರು, ಹಾಗೇ ಅತ್ತರು. ಆ ಅರ್ಜಿ ಅವತ್ತೇ ತುಂಬಿದೆವು. ಆ ಚೌಕದಲ್ಲಿ ಗುರುತು ಹಾಕುವಾಗ ನಾನು ಕಿಟಕಿ ಕಡೆ ನೋಡಿದೆ.

ದುಃಖ ಮೊದಲು, ಕಾಗದ ಪತ್ರ ಆಮೇಲೆ ಅಂತ ನಾವು ಸಲಹೆಗಾರರೂ ಅಂದುಕೊಳ್ಳುವುದುಂಟು. ಮನಶ್ಶಾಸ್ತ್ರಜ್ಞರಾದ ಮಾರ್ಗರೆಟ್ ಸ್ಟ್ರೋಬ ಮತ್ತು ಹೆಂಕ್ ಸ್ಖುಟ್ 1999ರಲ್ಲಿ ಹೇಳಿದ್ದು ಬೇರೆ. ಹೋದವರಿಗಾಗಿ ಅಳುವುದು ಒಂದು ಕಡೆ, ಅವರಿಲ್ಲದ ಬದುಕಿನ ಕೆಲಸಗಳು ಇನ್ನೊಂದು ಕಡೆ. ಮನಸ್ಸು ಎರಡರ ನಡುವೆ ಓಡಾಡುತ್ತಾ ಇರುತ್ತದೆ, ಆ ಓಡಾಟ ಬೇಕು. ಇವರು ಎರಡೂ ಕಡೆ ಹೋಗಲಾಗದೆ ಚೀಲದ ಕೆಳಗೆ ನಿಂತುಬಿಟ್ಟಿದ್ದರು.

ದಿನಕ್ಕೆ ಅರ್ಧ ಗಂಟೆ, ಒಂದೇ ಕಾಗದ, ಆಮೇಲೆ ಚೀಲ ಮುಚ್ಚಿಡಿ ಅಂದೆ. ಫೋನ್ ಮಾಡುವ ಕೆಲಸ ತಂಗಿಗೆ ಕೊಟ್ಟೆವು. "ಖಾತೆದಾರರಿಗೇ ಕೊಡಿ ಫೋನು" ಅಂತ ಒಂದು ಕಡೆ ಕೇಳಿದ್ದರಂತೆ, ಇವರು ರಿಸೀವರ್ ಹಿಡಿದು ಸುಮ್ನೆ ನಿಂತಿದ್ದರಂತೆ. ಯಾರ ಹತ್ತಿರ, ಯಾವತ್ತು, ಏನು ಮಾತಾಯಿತು ಅಂತ ಬರೆಯಲು ಒಂದು ನೋಟ್‌ಬುಕ್ಕು.

ಮರಣ ಪ್ರಮಾಣಪತ್ರ ಒಂದೇ ಇತ್ತು. ದೃಢೀಕರಿಸಿದ ಪ್ರತಿ ನಾಲ್ಕಾರು ಜಾಸ್ತಿಯೇ ಇರಲಿ, ಹೆಸರಿನ ಅಕ್ಷರ ಉಳಿದ ದಾಖಲೆಗಳ ಜೊತೆ ಕೂಡುತ್ತದಾ ನೋಡಿ ಅಂದೆ. ಒಂದು ಅಕ್ಷರ ತಪ್ಪಿದ್ದರೂ ಪ್ರತಿ ಕೌಂಟರಿನಲ್ಲೂ ಅದೇ ಕತೆ.

ಮಗ ಅಪ್ಪನ ಎಟಿಎಂ ಕಾರ್ಡಿನಿಂದ ಎರಡು ಸಲ ದುಡ್ಡು ತೆಗೆದಿದ್ದ. ಪಿನ್ ಗೊತ್ತು ಅಂದಮಾತ್ರಕ್ಕೆ ತೆಗೆಯುವ ಹಕ್ಕು ಬರುವುದಿಲ್ಲ. ಬ್ಯಾಂಕಿಗೆ ತಿಳಿಸಿ, ತೆಗೆದ ದುಡ್ಡಿನ ಲೆಕ್ಕ ಬರೆದಿಡಿ ಅಂದೆ. ಸಾಲದವರ ಫೋನಿಗೂ ಗಾಬರಿಯಲ್ಲಿ ಹೂಂ ಅನ್ನಬೇಡಿ. ಸಾಮಾನ್ಯವಾಗಿ ಸಾಲ ತೀರಬೇಕಾದದ್ದು ಹೋದವರು ಬಿಟ್ಟುಹೋದ ಆಸ್ತಿಯಿಂದ. ನೀವು ಜಾಮೀನಿಗೋ ಜಂಟಿ ಸಾಲಕ್ಕೋ ಸಹಿ ಹಾಕಿದ್ದೀರಾ, ಮೊದಲು ಅದನ್ನು ನೋಡಿ.

ಚೀಲದ ತಳದಲ್ಲಿ ಇನ್ನೊಂದು ಕಾಗದವಿತ್ತು: ಭಾವ ಕಳಿಸಿದ ಹಕ್ಕು ಬಿಡುಗಡೆ ಪತ್ರ, ಅಂದರೆ ಆಸ್ತಿಯಲ್ಲಿ ನನ್ನ ಪಾಲು ಬಿಟ್ಟುಕೊಟ್ಟೆ ಅಂತ ಬರೆದುಕೊಡುವ ಕಾಗದ. "ಸುಮ್ನೆ ಒಂದು ಸಹಿ ಅಷ್ಟೇ ಅಂತಾರೆ." ಸುಮ್ನೆ ಸಹಿಗೆ ಅಷ್ಟು ಅವಸರ ಯಾಕೆ ಅಂತ ನಾನೇನೂ ಕೇಳಲಿಲ್ಲ, ಕೇಳಬೇಕು ಅನಿಸಿತ್ತು. ನಿಮಗೇ ಬೇಕಾದ ವಕೀಲರೊಬ್ಬರು ಓದುವ ತನಕ ಪೆನ್ನು ಮುಟ್ಟಬೇಡಿ ಅಂತ ಮಾತ್ರ ಹೇಳಿದೆ. ಕಾನೂನು ನನ್ನ ಕೆಲಸವಲ್ಲ.

ಏಳನೇ ಭೇಟಿಗೆ ಬರುವಾಗ ಚೀಲ ಅರ್ಧ ಖಾಲಿಯಾಗಿತ್ತು. ನಿದ್ದೆ ಪರವಾಗಿಲ್ಲ ಅಂದರು. ಒಟಿಪಿ ಎಲ್ಲಾ ಗಂಡನ ನಂಬರಿಗೇ ಬರುವುದರಿಂದ ಖಾತೆ ಕೆಲಸ ಮುಗಿಯುವ ತನಕ ಸಿಮ್ ನಿಲ್ಲಿಸಬೇಡಿ ಅಂದಿದ್ದೆ.

"ಮುಗಿದ ಮೇಲೂ ಇಟ್ಕೋಬಹುದಾ ಮೇಡಂ?"

ನಿಮ್ಮ ಹೆಸರಿಗೆ ಮಾಡಿಸಿಕೊಂಡು ಇಟ್ಕೊಳ್ಳಿ ಅಂದೆ.