ಕನ್ನಡದಲ್ಲಿ ವೆಬ್‌ಕಾಮಿಕ್ ಆರಂಭಿಸುವ ಮುನ್ನ ಯಾವ ಕಾಮಿಕ್ಸ್ ಓದಬೇಕು, ಯಾವ ಅನಿಮೇಷನ್ ಚಿತ್ರಗಳನ್ನು ನೋಡಬೇಕು?

ನೀವು ಗದಗಿನಲ್ಲಿ ಪದವಿ ಓದುತ್ತಿದ್ದೀರಿ, ಇದುವರೆಗೆ ಮೊಬೈಲಿನಲ್ಲಿ ಜಪಾನಿನ ಸಾಹಸದ ಮಂಗಾಗಳನ್ನಷ್ಟೇ ಓದಿದ್ದೀರಿ, ಇನ್ನು ಕನ್ನಡದಲ್ಲಿ ನಿಮ್ಮದೇ ವೆಬ್‌ಕಾಮಿಕ್ ಆರಂಭಿಸಬೇಕೆಂದಿದ್ದೀರಿ. ಅದಕ್ಕೂ ಮೊದಲು ಏನು ಓದಬೇಕು, ಏನು ನೋಡಬೇಕು, ಪಾತ್ರಗಳ ಮಾತನ್ನು ನಮ್ಮ ಕಡೆಯ ಕನ್ನಡದಲ್ಲಿಯೇ ಬರೆಯಬಹುದೇ ಎಂದು ಕೇಳಿದ್ದೀರಿ. ನಾನು ಧಾರವಾಡದಲ್ಲಿದ್ದುಕೊಂಡು ಏಳು ವರ್ಷಗಳಿಂದ ಕನ್ನಡದಲ್ಲಿ ವೆಬ್‌ಕಾಮಿಕ್ ಮಾಡುತ್ತಿದ್ದೇನೆ. ಇಲ್ಲಿ ಹೆಸರಿಸುವ ಬಹುತೇಕ ಕೃತಿಗಳನ್ನು ನಾನು ಆರಿಸಿಕೊಂಡಿರುವುದು ಒಂದೇ ಕಾರಣಕ್ಕೆ: ಅವು ಎಲ್ಲವನ್ನೂ ತಾವೇ ಹೇಳಿ ಮುಗಿಸದೆ, ಓದುವವರಿಗೂ ನೋಡುವವರಿಗೂ ಒಂದಷ್ಟು ಕೆಲಸವನ್ನು ಬಿಟ್ಟುಕೊಡುತ್ತವೆ.

ಇದು ನನಗೆ ತಡವಾಗಿ ತಿಳಿದ ಸಂಗತಿ. ಮೊದಲ ವರ್ಷ ನಾನು ಪ್ರತಿಯೊಂದು ಚೌಕಟ್ಟಿನಲ್ಲಿಯೂ ಮಾತಿನ ಗುಳ್ಳೆ ಇರಲೇಬೇಕೆಂದು ನಂಬಿದ್ದೆ. ಮಳೆ ಬರುತ್ತಿರುವ ಚಿತ್ರ ಬರೆದು, ಅದರ ಮೇಲೆ ಮಳೆ ಬರುತ್ತಿದೆ ಎಂಬ ವಾಕ್ಯವನ್ನೂ ಬರೆಯುತ್ತಿದ್ದೆ. ಹಾವೇರಿಯಲ್ಲಿರುವ ನನ್ನ ಚಿಗವ್ವ ಒಂದು ಕಂತನ್ನು ಓದಿ, ‘ಇಷ್ಟೆಲ್ಲಾ ಮಾತಿನಾಗ ಹೇಳೂದಿದ್ರ ಚಿತ್ರಾ ಯಾಕ ತಗದಿ?’ ಎಂದು ಕೇಳಿದಳು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ನಾನು ಓದಿದ್ದೆಲ್ಲವನ್ನೂ, ನೋಡಿದ್ದೆಲ್ಲವನ್ನೂ ಆ ಪ್ರಶ್ನೆಗೆ ಉತ್ತರ ಹುಡುಕುತ್ತಲೇ ಓದಿದ್ದೇನೆ, ನೋಡಿದ್ದೇನೆ.

ಆದ್ದರಿಂದ ಮೊದಲು ಸ್ಕಾಟ್ ಮೆಕ್‌ಕ್ಲೌಡ್ ಅವರ ‘ಅಂಡರ್‌ಸ್ಟ್ಯಾಂಡಿಂಗ್ ಕಾಮಿಕ್ಸ್’ ಓದಿರಿ. 1993ರಲ್ಲಿ ಬಂದ ಈ ಪುಸ್ತಕ ಕಾಮಿಕ್ಸ್ ಕುರಿತ ಶಾಸ್ತ್ರಗ್ರಂಥ, ಅದೂ ಕಾಮಿಕ್ಸ್ ರೂಪದಲ್ಲಿಯೇ ಇದೆ. ಎರಡು ಚೌಕಟ್ಟುಗಳ ನಡುವಿನ ಬಿಳಿ ಜಾಗದಲ್ಲಿ ಏನಾಗುತ್ತದೆ ಎಂಬುದನ್ನು ಅವರು ಒಂದು ಉದಾಹರಣೆಯಿಂದ ತೋರಿಸುತ್ತಾರೆ. ಮೊದಲ ಚೌಕಟ್ಟಿನಲ್ಲಿ ಒಬ್ಬನು ಇನ್ನೊಬ್ಬನ ಮೇಲೆ ಕೊಡಲಿ ಎತ್ತಿದ್ದಾನೆ. ಎರಡನೆಯದರಲ್ಲಿ ರಾತ್ರಿಯ ಊರು, ಒಂದು ಚೀರಾಟ. ಏಟು ಬಿದ್ದದ್ದನ್ನು ಚಿತ್ರಕಾರ ಎಲ್ಲಿಯೂ ಬರೆದಿಲ್ಲ, ಅದನ್ನು ಓದುಗನೇ ತನ್ನ ಮನಸ್ಸಿನಲ್ಲಿ ನಡೆಸಿದ್ದಾನೆ. ಮೊಬೈಲಿನಲ್ಲಿ ಮೇಲಿನಿಂದ ಕೆಳಕ್ಕೆ ಸರಿಸಿ ಓದುವ ಕಾಮಿಕ್ಸಿನಲ್ಲಿ ಈ ಬಿಳಿ ಜಾಗಕ್ಕೆ ಇನ್ನೂ ಹೆಚ್ಚಿನ ಬೆಲೆ ಇದೆ, ಏಕೆಂದರೆ ಪುಟದ ಅಳತೆಯ ಮಿತಿ ಅಲ್ಲಿಲ್ಲ. ಎರಡು ಚಿತ್ರಗಳ ನಡುವೆ ನೀವು ಎಷ್ಟು ಉದ್ದದ ಖಾಲಿ ಜಾಗ ಬಿಡುತ್ತೀರೋ ಓದುಗನು ಅಷ್ಟು ಹೊತ್ತು ಕಾಯುತ್ತಾನೆ.

ಎರಡನೆಯದಾಗಿ ಹೆರ್ಜೆಯವರ ‘ಟಿನ್‌ಟಿನ್ ಇನ್ ಟಿಬೆಟ್’. ಪುಸ್ತಕವಾಗಿ 1960ರಲ್ಲಿ ಬಂದ ಈ ಕಥೆಯಲ್ಲಿ ಖಳನಾಯಕನೇ ಇಲ್ಲ. ವಿಮಾನ ಅಪಘಾತದಲ್ಲಿ ಸತ್ತನೆಂದು ಎಲ್ಲರೂ ನಂಬಿರುವ ಗೆಳೆಯ ಬದುಕಿದ್ದಾನೆಂದು ಟಿನ್‌ಟಿನ್ ಹಟ ಹಿಡಿದು ಹುಡುಕಿ ಹೊರಡುತ್ತಾನೆ, ಅಷ್ಟೇ. ಹೆರ್ಜೆಯವರು ನೆರಳಿಗಾಗಿ ಗೆರೆಗಳನ್ನು ತುಂಬುವುದಿಲ್ಲ. ಒಂದೇ ದಪ್ಪದ ಸ್ವಚ್ಛವಾದ ಗೆರೆ, ಅದರೊಳಗೆ ಸಪಾಟಾದ ಬಣ್ಣ. ಹಿಮದ ಪುಟಗಳಲ್ಲಿ ಚಿತ್ರದ ಬಹುಪಾಲು ಬಿಳಿಯಾಗಿಯೇ ಉಳಿಯುತ್ತದೆ, ಆದರೂ ಚಳಿ ಓದುವವನ ಮೈಗೆ ತಟ್ಟುತ್ತದೆ. ಕಥೆ ಸಿದ್ಧವಿದ್ದರೂ ಚಿತ್ರ ಸಾಕಷ್ಟು ಚೆನ್ನಾಗಿಲ್ಲವೆಂದು ಹಿಂಜರಿಯುತ್ತಿದ್ದರೆ ಮಾರ್ಜಾನ್ ಸತ್ರಾಪಿಯವರ ‘ಪರ್ಸೆಪೊಲಿಸ್’ ಓದಿರಿ. ಇರಾನಿನ ಕ್ರಾಂತಿಯ ಕಾಲದಲ್ಲಿ ಬೆಳೆದ ಹುಡುಗಿಯ ಈ ಆತ್ಮಕಥೆ ಅಪ್ಪಟ ಕಪ್ಪುಬಿಳುಪಿನಲ್ಲಿ, ಮಕ್ಕಳ ಪುಸ್ತಕದಂಥ ಸರಳ ರೇಖೆಗಳಲ್ಲಿ ಬಂದಿದೆ. 2007ರ ಅನಿಮೇಷನ್ ಚಿತ್ರವನ್ನು ವಿನ್ಸೆಂಟ್ ಪಾರೊನೊ ಅವರೊಂದಿಗೆ ಸತ್ರಾಪಿಯವರೇ ನಿರ್ದೇಶಿಸಿದ್ದಾರೆ. ಪುಸ್ತಕ ಓದಿ, ಅದೇ ವಾರ ಚಿತ್ರವನ್ನೂ ನೋಡಿ, ಪುಸ್ತಕದಲ್ಲಿ ಕದಲದೆ ನಿಂತಿದ್ದ ಯಾವ ಘಳಿಗೆಯನ್ನು ಚಿತ್ರದಲ್ಲಿ ಚಲಿಸುವಂತೆ ಮಾಡಿದ್ದಾರೆಂದು ಗಮನಿಸಿರಿ. ಇದರಷ್ಟು ಉಪಯುಕ್ತವಾದ ಪಾಠ ನನಗೆ ಯಾವ ತರಗತಿಯಲ್ಲಿಯೂ ಸಿಕ್ಕಿಲ್ಲ. ಆರ್ಟ್ ಸ್ಪೀಗಲ್‌ಮನ್ ಅವರ ‘ಮೌಸ್’ ಕುರಿತು ನೀವು ಕೇಳಿಯೇ ಇರುತ್ತೀರಿ. ಯಹೂದಿಗಳನ್ನು ಇಲಿಗಳಾಗಿ, ನಾಜಿಗಳನ್ನು ಬೆಕ್ಕುಗಳಾಗಿ ಬರೆದ ಆ ಕೃತಿಗೆ 1992ರಲ್ಲಿ ಪುಲಿಟ್ಜರ್ ವಿಶೇಷ ಪ್ರಶಸ್ತಿ ಬಂದಿತು. ಅದನ್ನು ಅವಸರದಲ್ಲಿ ಓದಬೇಡಿರಿ.

ಈ ಎಲ್ಲಕ್ಕಿಂತ ಹೆಚ್ಚಾಗಿ ನಾನು ಒತ್ತಾಯಿಸಿ ಓದಿಸಬಯಸುವುದು ‘ಭೀಮಾಯನ’ವನ್ನು. ಡಾ. ಅಂಬೇಡ್ಕರ್ ಅವರ ಜೀವನದ ಅನುಭವಗಳನ್ನು ಆಧರಿಸಿದ ಈ ಪುಸ್ತಕ 2011ರಲ್ಲಿ ಪ್ರಕಟವಾಯಿತು. ಚಿತ್ರಗಳು ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ಅವರವು, ಬರವಣಿಗೆ ಶ್ರೀವಿದ್ಯಾ ನಟರಾಜನ್ ಮತ್ತು ಎಸ್. ಆನಂದ್ ಅವರದು. ವ್ಯಾಮ್ ದಂಪತಿ ಪರಧಾನ್ ಗೊಂಡ ಎಂಬ ಬುಡಕಟ್ಟು ಪರಂಪರೆಯ ಕಲಾವಿದರು. ಅವರು ಪಾತ್ರಗಳನ್ನು ಪೆಟ್ಟಿಗೆಯಂಥ ಚೌಕಟ್ಟುಗಳಲ್ಲಿ ಕೂಡಿಹಾಕಲು ಒಪ್ಪದೆ, ತಮ್ಮ ಮನೆಗಳ ಗೋಡೆಯ ಮೇಲೆ ಬರೆಯುವ ಅಲಂಕಾರದ ಪಟ್ಟಿಗಳಿಂದಲೇ ಪುಟವನ್ನು ಭಾಗ ಮಾಡಿದರು. ಮಾತಿನ ಗುಳ್ಳೆಗಳಲ್ಲಿ ಅವರು ಮಾಡಿದ್ದು ಇನ್ನೂ ದೊಡ್ಡದು. ಮೆದುವಾದ ಮಾತುಗಳಿಗೆ ಹಕ್ಕಿಯ ಆಕಾರದ ಗುಳ್ಳೆ. ಜಾತಿಯ ವಿಷ ಕಾರುವ ಮಾತುಗಳಿಗೆ ಚೇಳಿನ ಕೊಂಡಿಯ ಬಾಲವಿರುವ ಗುಳ್ಳೆ. ಮನಸ್ಸಿನಲ್ಲಿಯೇ ಉಳಿಯುವ ಯೋಚನೆಗೆ ಒಂದು ಕಣ್ಣು. ಬಾಲಕ ಭೀಮನಿಗೆ ಶಾಲೆಯಲ್ಲಿ ನೀರು ನಿರಾಕರಿಸುವ ಪುಟದಲ್ಲಿ, ಮಾತಿನ ಅರ್ಥ ತಿಳಿಯುವ ಮೊದಲೇ ಆ ಕೊಂಡಿ ಕಣ್ಣಿಗೆ ಚುಚ್ಚುತ್ತದೆ. ನಾನು ಇದನ್ನು ಮೊದಲ ಸಲ ಓದಿದ ರಾತ್ರಿ ನಿದ್ದೆ ಮಾಡಲಿಲ್ಲ. ಅಷ್ಟು ವರ್ಷ ನಾನು ಅಮೆರಿಕದವರ ಗುಳ್ಳೆಗಳನ್ನು ಪ್ರಶ್ನೆಯೇ ಇಲ್ಲದೆ ನಕಲು ಮಾಡುತ್ತಿದ್ದೆ. ನಮ್ಮ ಕೌದಿಯ ಹೊಲಿಗೆಯಾಗಲಿ, ಇಳಕಲ್ ಸೀರೆಯ ಸೆರಗಿನ ಪಟ್ಟೆಯಾಗಲಿ, ಹೊಸ್ತಿಲ ಮುಂದಿನ ರಂಗೋಲಿಯ ಚುಕ್ಕೆಯಾಗಲಿ ನನ್ನ ಪುಟದ ವಿನ್ಯಾಸವಾಗಬಹುದೆಂದು ನನಗೆ ಹೊಳೆದೇ ಇರಲಿಲ್ಲ.

ನಮ್ಮ ಬಾಲ್ಯದ ಪುಸ್ತಕಗಳನ್ನು ಬಿಟ್ಟುಬಿಡಬೇಕೇ ಎಂದರೆ, ಖಂಡಿತ ಬೇಡ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು 1967ರಲ್ಲಿ ಆರಂಭಿಸಿದ ಅಮರ ಚಿತ್ರಕಥೆಯನ್ನು ಈಗ ಮತ್ತೆ ತೆರೆದರೆ, ಚಿತ್ರ ಆಗಲೇ ತೋರಿಸಿದ್ದನ್ನು ಮೇಲಿನ ಪಟ್ಟಿಯ ವಾಕ್ಯ ಮತ್ತೊಮ್ಮೆ ಹೇಳುವುದು ಹಲವು ಕಡೆ ಕಾಣುತ್ತದೆ. ಆದರೆ ಜನಸಂದಣಿಯ ರಾಜಸಭೆಯಲ್ಲಿ ಯಾರು ಮುಖ್ಯರೆಂದು ಒಂದೇ ನೋಟಕ್ಕೆ ತಿಳಿಯುವಂತೆ ಪಾತ್ರಗಳನ್ನು ನಿಲ್ಲಿಸುವ ವಿದ್ಯೆಯನ್ನು ರಾಮ್ ವಾಯಿರ್ಕರ್ ಅವರ ಪುಟಗಳಿಂದ ಕಲಿಯಬಹುದು. ಚಂದಮಾಮದಲ್ಲಿ ಶಂಕರ್ ಅವರು ಬರೆಯುತ್ತಿದ್ದ ವಿಕ್ರಮ ಮತ್ತು ಬೇತಾಳದ ಚಿತ್ರವನ್ನು ನಮ್ಮ ತಾಯಿಯವರ ತಲೆಮಾರಿನವರು ಇಂದಿಗೂ ಕಣ್ಣುಮುಚ್ಚಿ ವರ್ಣಿಸಬಲ್ಲರು. ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ, ಸುತ್ತ ಸ್ಮಶಾನ. ಆ ಒಂದೇ ಚಿತ್ರದಲ್ಲಿ ಅವನು ಎಲ್ಲಿಂದ ಬಂದ, ಎಲ್ಲಿಗೆ ಹೊರಟಿದ್ದಾನೆ ಎರಡೂ ಇವೆ. ರಜೆಯಲ್ಲಿ ಒಂದು ದಿನ ಪಟ್ಟದಕಲ್ಲಿಗೆ ಹೋಗಿ ವಿರೂಪಾಕ್ಷ ದೇವಾಲಯದ ಕಂಬಗಳ ಮುಂದೆಯೂ ನಿಲ್ಲಿರಿ. ಎಂಟನೆಯ ಶತಮಾನದ ಆ ಕಂಬಗಳ ಮೇಲೆ ರಾಮಾಯಣ, ಮಹಾಭಾರತಗಳ ಪ್ರಸಂಗಗಳನ್ನು ಪಟ್ಟಿಪಟ್ಟಿಯಾಗಿ ಕೆತ್ತಿದ್ದಾರೆ. ಒಂದು ಪ್ರಸಂಗದಿಂದ ಇನ್ನೊಂದಕ್ಕೆ ಶಿಲ್ಪಿ ಏನನ್ನು ಬಿಟ್ಟು ಜಿಗಿದಿದ್ದಾನೆಂದು ನೋಡುತ್ತ ನಿಂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಇನ್ನು ಚಲನಚಿತ್ರಗಳು. ಹಯಾವೊ ಮಿಯಾಜಾಕಿಯವರ ‘ಮೈ ನೇಬರ್ ಟೊಟೊರೊ’ ಮತ್ತು ಇಸಾವೊ ತಕಾಹಾತಾ ಅವರ ‘ಗ್ರೇವ್ ಆಫ್ ದ ಫೈರ್‌ಫ್ಲೈಸ್’, ಒಂದೇ ಸ್ಟುಡಿಯೊದ ಈ ಎರಡೂ ಚಿತ್ರಗಳು 1988ರ ಏಪ್ರಿಲ್ 16ರಂದು ಜಪಾನಿನಲ್ಲಿ ಒಟ್ಟಿಗೆ ತೆರೆಕಂಡವು. ಮೊದಲನೆಯದರಲ್ಲಿ ಮಳೆಯ ಸಂಜೆ ಒಂದು ಬಸ್ ನಿಲ್ದಾಣದ ದೃಶ್ಯವಿದೆ. ನಿದ್ದೆಹೋದ ತಂಗಿಯನ್ನು ಬೆನ್ನಿಗೆ ಹಾಕಿಕೊಂಡು ಅಕ್ಕ ಅಪ್ಪನಿಗಾಗಿ ಕಾಯುತ್ತಿದ್ದಾಳೆ, ಪಕ್ಕದಲ್ಲಿ ಕಾಡಿನ ದೊಡ್ಡ ಜೀವಿಯೊಂದು ತಲೆಯ ಮೇಲೆ ಎಲೆ ಇಟ್ಟುಕೊಂಡು ಬಂದು ನಿಲ್ಲುತ್ತದೆ. ಮಾತಿಲ್ಲ, ಹನಿ ಬೀಳುವ ಸದ್ದು ಮಾತ್ರ. ಸಾಧನಕೇರಿಯ ಮಳೆಯಲ್ಲಿ ಬಸ್ಸಿಗೆ ಕಾಯುವಾಗೆಲ್ಲ ನನಗೆ ಆ ದೃಶ್ಯ ನೆನಪಾಗುತ್ತದೆ. ವಿಮರ್ಶಕ ರೋಜರ್ ಈಬರ್ಟ್ ಅವರು ಇಂಥ ನಿಶ್ಚಲ ಘಳಿಗೆಗಳ ಕುರಿತು ಕೇಳಿದಾಗ ಮಿಯಾಜಾಕಿಯವರು ಕೆಲವು ಸಲ ಚಪ್ಪಾಳೆ ತಟ್ಟಿ, ಎರಡು ಚಪ್ಪಾಳೆಗಳ ನಡುವಿನ ಅವಕಾಶಕ್ಕೆ ಜಪಾನಿಯಲ್ಲಿ ‘ಮಾ’ ಎನ್ನುತ್ತಾರೆ ಎಂದು ವಿವರಿಸಿದರು. ಹಿಂದುಸ್ತಾನಿ ಗಾಯನದ ನಿಧಾನಗತಿಯ ವಿಲಂಬಿತ ಖ್ಯಾಲಿನಲ್ಲಿ, ತಾಳದ ಮೊದಲ ಪೆಟ್ಟಾದ ಸಮ್ ಬರುವವರೆಗೆ ಉಸಿರು ಬಿಗಿಹಿಡಿದು ಕುಳಿತು ರೂಢಿಯಿರುವ ಧಾರವಾಡದ, ಗದಗಿನ ಕೇಳುಗರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡನೆಯ ಚಿತ್ರ ಯುದ್ಧದಲ್ಲಿ ಅನಾಥರಾದ ಅಣ್ಣತಂಗಿಯರ ಕಥೆ. ಅದನ್ನು ಮನಸ್ಸು ಗಟ್ಟಿಯಿರುವ ದಿನ ನೋಡಿರಿ. ತಕಾಹಾತಾ ಅವರ ಕೊನೆಯ ಚಿತ್ರ, 2013ರ ‘ದ ಟೇಲ್ ಆಫ್ ದ ಪ್ರಿನ್ಸೆಸ್ ಕಾಗುಯಾ’ದಲ್ಲಿ ರಾಜಕುಮಾರಿ ಮನೆ ಬಿಟ್ಟು ಓಡುವಾಗ ನಯವಾದ ಗೆರೆಗಳೆಲ್ಲ ಒಡೆದು ಇದ್ದಿಲಿನ ಗೀರುಗಳಾಗುತ್ತವೆ. ಅವಳ ದುಃಖವನ್ನು ಮುಖದಲ್ಲಿ ಹುಡುಕಬೇಕಾಗಿಲ್ಲ, ಗೆರೆಯೇ ಅದನ್ನು ಹೊತ್ತುಕೊಂಡಿದೆ.

ರಷ್ಯಾದ ಯೂರಿ ನಾರ್‌ಸ್ಟೈನ್ ಅವರ ‘ಹೆಡ್ಜ್‌ಹಾಗ್ ಇನ್ ದ ಫಾಗ್’ ಕೇವಲ ಹತ್ತು ನಿಮಿಷದ್ದು, 1975ರದು. ಗೆಳೆಯ ಕರಡಿಯ ಮನೆಗೆ ಹೊರಟ ಪುಟ್ಟ ಮುಳ್ಳುಹಂದಿ ಮಂಜಿನಲ್ಲಿ ದಾರಿ ತಪ್ಪುತ್ತದೆ, ಕಥೆ ಇಷ್ಟೇ. ಕತ್ತರಿಸಿದ ಕಾಗದದ ತುಣುಕುಗಳನ್ನು ಗಾಜಿನ ಹಲವು ಪದರಗಳ ಮೇಲಿಟ್ಟು ಒಂದೊಂದೇ ಫ್ರೇಮ್ ಚಿತ್ರೀಕರಿಸಿದ್ದಾರೆ. ಆ ಮಂಜು ಕೂಡ ತೆಳುವಾದ ಒಂದು ಕಾಗದ. ಅದನ್ನು ದೃಶ್ಯದ ಮೇಲಿನಿಂದ ಸ್ವಲ್ಪಸ್ವಲ್ಪವಾಗಿ ಕ್ಯಾಮೆರಾದತ್ತ ಎತ್ತುತ್ತ ಹೋದಂತೆ ಕೆಳಗಿನ ಆಕೃತಿಗಳು ಮಸುಕಾಗಿ ಕರಗುತ್ತವೆ. ನನ್ನ ಬಳಿ ಚಿತ್ರ ಬರೆಯುವ ಒಳ್ಳೆಯ ಟ್ಯಾಬ್ಲೆಟ್ ಇಲ್ಲವೆಂದು ಕೊರಗುತ್ತಿದ್ದ ದಿನಗಳಲ್ಲಿ ಈ ಚಿತ್ರವನ್ನು ನಾನು ಹತ್ತಾರು ಬಾರಿ ನೋಡಿದ್ದೇನೆ. ಹಾಗೆಯೇ ಜರ್ಮನಿಯ ಲೊಟ್ಟೆ ರೈನಿಗರ್ ಅವರು ಕತ್ತರಿಯಿಂದ ಕಪ್ಪು ಆಕೃತಿಗಳನ್ನು ಕತ್ತರಿಸಿ ಮಾಡಿದ, 1926ರ ‘ದ ಅಡ್ವೆಂಚರ್ಸ್ ಆಫ್ ಪ್ರಿನ್ಸ್ ಅಹ್ಮದ್’ ನೋಡಿರಿ. ಇಂದು ಉಳಿದಿರುವ ಪೂರ್ಣಾವಧಿಯ ಅನಿಮೇಷನ್ ಚಿತ್ರಗಳಲ್ಲಿ ಅದೇ ಅತ್ಯಂತ ಹಳೆಯದು. ಪಾತ್ರಗಳಿಗೆ ಕಣ್ಣುಮೂಗಿನ ಭಾವವೇ ಇಲ್ಲದಿದ್ದರೂ ಮುಂಗೈಯ ಬಾಗಿನಿಂದ, ಕತ್ತಿನ ತಿರುವಿನಿಂದ ಅವರ ಮನಸ್ಸು ತಿಳಿಯುತ್ತದೆ. ನಮ್ಮ ತೊಗಲುಗೊಂಬೆಯಾಟವನ್ನು ಒಮ್ಮೆಯಾದರೂ ಪರದೆಯ ಮುಂದೆ ಕುಳಿತು ನೋಡಿದ್ದರೆ ನಿಮಗೆ ಇದು ಪರಕೀಯವೆನಿಸದು.

ನಮ್ಮ ದೇಶದವುಗಳ ಪೈಕಿ 1974ರ ‘ಏಕ್ ಅನೇಕ್ ಔರ್ ಏಕ್ತಾ’ ಎಂಬ ಕಿರುಚಿತ್ರವನ್ನೂ, ಯೂಗೊ ಸಾಕೊ ಅವರೊಂದಿಗೆ ರಾಮ್ ಮೋಹನ್ ಅವರು ಸೇರಿ ನಿರ್ದೇಶಿಸಿದ ಭಾರತ–ಜಪಾನ್ ಸಹಯೋಗದ ರಾಮಾಯಣವನ್ನೂ, ಗೀತಾಂಜಲಿ ರಾವ್ ಅವರ ‘ಬಾಂಬೆ ರೋಸ್’ ಅನ್ನೂ ನೋಡಿರಿ. ಇತ್ತೀಚಿನವುಗಳಲ್ಲಿ ಲಾಟ್ವಿಯಾದ ‘ಫ್ಲೋ’ ನನಗೆ ಬಹಳ ಪ್ರಿಯವಾದದ್ದು. ಪ್ರವಾಹದಲ್ಲಿ ಸಿಕ್ಕಿದ ಬೆಕ್ಕಿನ ಈ ಕಥೆಯಲ್ಲಿ ಒಂದೇ ಒಂದು ಮಾತಿಲ್ಲ, ಮತ್ತು ಇದನ್ನು ಯಾರು ಬೇಕಾದರೂ ಹಣ ಕೊಡದೆ ಇಳಿಸಿಕೊಳ್ಳಬಹುದಾದ ಬ್ಲೆಂಡರ್ ತಂತ್ರಾಂಶದಲ್ಲಿ ತಯಾರಿಸಿದ್ದಾರೆ. 2025ರಲ್ಲಿ ಇದಕ್ಕೆ ಆಸ್ಕರ್ ಬಂದಿತು.

ಉಪಕರಣದ ಮಾತು ಬಂದದ್ದರಿಂದ, ಡೇವಿಡ್ ರೆವೋಯ್ ಅವರ ‘ಪೆಪ್ಪರ್ ಅಂಡ್ ಕ್ಯಾರಟ್’ ಎಂಬ ವೆಬ್‌ಕಾಮಿಕ್ ಅನ್ನೂ ಓದಿರಿ. 2014ರಿಂದ ಬರುತ್ತಿರುವ ಇದನ್ನು ಅವರು ಕ್ರಿತಾ ಎಂಬ ಉಚಿತ ತಂತ್ರಾಂಶದಲ್ಲಿ ಬರೆಯುತ್ತಾರೆ, ಮೂಲ ಕಡತಗಳನ್ನೂ ಎಲ್ಲರಿಗೆ ತೆರೆದಿಟ್ಟಿದ್ದಾರೆ, ಹೆಸರು ನಮೂದಿಸಿ ಯಾರು ಬೇಕಾದರೂ ಅನುವಾದಿಸಬಹುದು. ಒಂದು ಕಂತನ್ನು ನೀವೇ ಕನ್ನಡಕ್ಕೆ ತಂದು ನೋಡಿರಿ. ನಮ್ಮ ಲಿಪಿಯ ಕಷ್ಟಗಳು ಅಲ್ಲಿಯೇ ಗೊತ್ತಾಗುತ್ತವೆ. ಇಂಗ್ಲಿಷ್ ಕಾಮಿಕ್ಸಿನಲ್ಲಿ ಬಹುತೇಕ ದೊಡ್ಡಕ್ಷರಗಳನ್ನೇ ಬಳಸುವುದರಿಂದ ಸಾಲುಗಳು ಒತ್ತಾಗಿ ಕೂಡುತ್ತವೆ. ಕನ್ನಡದಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಗುಣಿತದ ಗುರುತುಗಳು ಮೇಲಕ್ಕೂ ಬಲಕ್ಕೂ ಚಾಚುತ್ತವೆ, ಪ್ರತ್ಯಯಗಳು ಸೇರಿದ ಪದಗಳು ಉದ್ದವಾಗಿ ಗುಳ್ಳೆಯ ಅಂಚನ್ನು ಮುಟ್ಟುತ್ತವೆ. ಆದ್ದರಿಂದ ಗುಳ್ಳೆ ಅಗಲವಾಗಿರಬೇಕು, ಸಾಲುಗಳ ನಡುವೆ ಹೆಚ್ಚು ಜಾಗ ಬಿಡಬೇಕು, ಮತ್ತು ಚಿತ್ರ ಬರೆಯುವ ಮೊದಲೇ ಅಕ್ಷರಗಳನ್ನು ಕೂಡಿಸಿ ನೋಡಬೇಕು. ನಾನು ಈಗ ಒಂದು ಗುಳ್ಳೆಯಲ್ಲಿ ಹತ್ತು ಪದಗಳನ್ನು ಮೀರುವುದಿಲ್ಲ.

ಸಂಭಾಷಣೆಯನ್ನು ನಮ್ಮ ಕಡೆಯ ಮಾತಿನಲ್ಲಿಯೇ ಬರೆಯಿರಿ. ಮೈಸೂರಿನವರಿಗೆ ತಿಳಿಯಲಿಕ್ಕಿಲ್ಲವೆಂಬ ಅಂಜಿಕೆ ನನಗೂ ಇತ್ತು, ಆದರೆ ಪಕ್ಕದಲ್ಲಿ ಚಿತ್ರವಿರುವಾಗ ‘ಕುಂದ್ರು’ ಎಂದರೆ ಏನೆಂದು ಯಾರೂ ನನ್ನನ್ನು ಕೇಳಲಿಲ್ಲ. ಅದಲ್ಲದೆ ಗುಳ್ಳೆಯ ಲೆಕ್ಕದಲ್ಲಿ ನಮ್ಮ ಮಾತಿಗೆ ಒಂದು ಅನುಕೂಲವಿದೆ: ‘ಏನು ಮಾಡುತ್ತಿದ್ದೀಯೆ’ ಎಂಬುದು ತುಂಬಿಕೊಳ್ಳುವುದಕ್ಕಿಂತ ಕಡಿಮೆ ಜಾಗದಲ್ಲಿ ‘ಏನ್ ಮಾಡಾಕತ್ತಿ’ ಮುಗಿದುಹೋಗುತ್ತದೆ. ಮೊದಲ ಕಂತು ನಾಲ್ಕೇ ಚೌಕಟ್ಟಿನದಾಗಿರಲಿ, ಅದರಲ್ಲಿ ಎರಡಕ್ಕಾದರೂ ಮಾತು ಬೇಡ. ಬರೆದ ಮೇಲೆ ಇದೇ ಉತ್ತರದ ಕೆಳಗೆ ತಿಳಿಸಿದರೆ ನಾನು ಅಗತ್ಯವಾಗಿ ಓದುತ್ತೇನೆ.